ಹೆಗಲ ಮೇಲೆ ದೊಡ್ಡ ಸೆನ್ಸರ್, ಎದುರಿಗೆ ರೇಸ್ ಕಾರು

(ಮೋಟಾರ್ ರೇಸ್‌ಗಳನ್ನು ಟ್ರೈಪಾಡ್ ಇಲ್ಲದೆ ಚಿತ್ರೀಕರಿಸುವ ಕುರಿತು ವಿಡಿಯೊ ಕೆಲಸ ಮಾಡುವವರಿಗೆ ನೀಡಿದ ಉಪನ್ಯಾಸದ ಬರಹ ರೂಪ)

ಒಂದು ಲೆಕ್ಕದಿಂದ ಶುರು ಮಾಡೋಣ. ಗಂಟೆಗೆ 180 ಕಿ.ಮೀ. ವೇಗದ ಕಾರು ಸೆಕೆಂಡಿಗೆ 50 ಮೀಟರ್ ಓಡುತ್ತದೆ. ನೀವು ಸೆಕೆಂಡಿಗೆ 25 ಫ್ರೇಮ್ ತೆಗೆಯುತ್ತಿದ್ದರೆ, ಒಂದು ಫ್ರೇಮ್ ಮುಗಿದು ಇನ್ನೊಂದು ಬರುವಷ್ಟರಲ್ಲಿ ಅದು 2 ಮೀಟರ್ ಮುಂದೆ ಬಂದಿರುತ್ತದೆ. ಈಗ ಫುಲ್‌ಫ್ರೇಮ್ ಕ್ಯಾಮೆರಾಕ್ಕೆ (ಚಿತ್ರ ಮೂಡುವ ಸೆನ್ಸರ್ ದೊಡ್ಡದಿರುವ ಕ್ಯಾಮೆರಾ) 200 ಮಿ.ಮೀ. ಲೆನ್ಸ್ ಹಾಕಿ, ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಚಿಕ್ಕದು, ಫೋಕಸಿನ ಆಳ ಹೆಚ್ಚು) ಎಫ್ 4ಕ್ಕೆ ಇಟ್ಟು, 20 ಮೀಟರ್ ದೂರಕ್ಕೆ ಫೋಕಸ್ ಮಾಡಿ. ಚಿತ್ರ ಚೂಪಾಗಿ ಸಿಗುವ ಆಳ ಸುಮಾರು 2.4 ಮೀಟರ್. ಹಾಗಾಗಿ ನೇರ ನಿಮ್ಮ ಕಡೆಗೇ ಬರುವ ಕಾರು ಫೋಕಸಿನಲ್ಲಿ ಇರುವುದು ಒಂದು ಫ್ರೇಮ್, ಹೆಚ್ಚೆಂದರೆ ಎರಡು. ಇದು ಕೂಡ ಸೆನ್ಸರಿನ ಮೇಲೆ 0.03 ಮಿ.ಮೀ. ಮಸುಕನ್ನು ಒಪ್ಪಿಕೊಳ್ಳುವ ಹಳೆಯ ಲೆಕ್ಕ. 4ಕೆ ಚಿತ್ರವನ್ನು ದೊಡ್ಡ ಪರದೆಯಲ್ಲಿ ನೋಡುವವರು ಅಷ್ಟು ಮಸುಕನ್ನೂ ಗುರುತಿಸುತ್ತಾರೆ.

ಟಿ.ವಿ. ಪ್ರಸಾರದವರು ಬಹಳ ಕಾಲ ನೆಚ್ಚಿಕೊಂಡಿದ್ದ 2/3 ಇಂಚಿನ ಸೆನ್ಸರಿನ ಅಗಲ 9.6 ಮಿ.ಮೀ. ಮಾತ್ರ. ಫುಲ್‌ಫ್ರೇಮಿನ ಅಗಲ 36 ಮಿ.ಮೀ. ಚಿಕ್ಕ ಸೆನ್ಸರ್ ಎಫ್ 4ರಲ್ಲಿ ಕೊಡುವ ಫೋಕಸಿನ ಆಳವನ್ನು, ಅದೇ ಜಾಗದಿಂದ ಅದೇ ಚೌಕಟ್ಟಿನಲ್ಲಿ, ಫುಲ್‌ಫ್ರೇಮಿನಲ್ಲಿ ಪಡೆಯಬೇಕಾದರೆ ಎಫ್ 15ರ ಹತ್ತಿರ ಹೋಗಬೇಕು. ಸಿನಿಮಾ ಕ್ಯಾಮೆರಾಗಳಲ್ಲಿ ಬಳಸುವ, ಸುಮಾರು 24 ಮಿ.ಮೀ. ಅಗಲದ ಸೂಪರ್ 35 ಸೆನ್ಸರ್ ಇವೆರಡರ ನಡುವೆ ಬರುತ್ತದೆ. ಅದರ ಎಫ್ 4 ಅಂದರೆ ಫುಲ್‌ಫ್ರೇಮಿನ ಎಫ್ 6. ರೇಸ್ ಕೆಲಸಕ್ಕೆ ಫುಲ್‌ಫ್ರೇಮ್, ಸೂಪರ್ 35 ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶ ಇದ್ದರೆ ಸೂಪರ್ 35 ತೆಗೆದುಕೊಳ್ಳಿ ಎಂದೇ ಹೇಳುತ್ತೇನೆ. ಫೋಕಸಿಗೆ ಸ್ವಲ್ಪ ಹೆಚ್ಚು ಜಾಗ ಸಿಗುತ್ತದೆ, ದೂರದ ಕಾರಿಗೆ ಚಿಕ್ಕ ಲೆನ್ಸ್ ಸಾಕಾಗುತ್ತದೆ, ಹೆಗಲಿನ ಭಾರವೂ ಇಳಿಯುತ್ತದೆ.

ಹಾಗಾದರೆ ಇಷ್ಟು ತಕರಾರಿನ ದೊಡ್ಡ ಸೆನ್ಸರ್ ಯಾಕೆ ಬೇಕು? ಹೆಲ್ಮೆಟ್ಟಿನೊಳಗಿನ ಕಣ್ಣು, ಗ್ಯಾರೇಜಿನ ಅರೆಬೆಳಕಿನಲ್ಲಿ ಮೆಕ್ಯಾನಿಕ್‌ನ ಕೈ, ಸಂಜೆಗತ್ತಲಲ್ಲಿ ಕೆಂಪಗೆ ಕಾದ ಬ್ರೇಕ್ ಡಿಸ್ಕ್, ಇವು ಅದರಲ್ಲಿ ಬರುವಷ್ಟು ಚೆನ್ನಾಗಿ ಚಿಕ್ಕ ಸೆನ್ಸರಿನಲ್ಲಿ ಬರುವುದಿಲ್ಲ. ತಂತಿ ಬೇಲಿಯ ಹಿಂದೆ ನಿಂತಾಗ ಬೇಲಿಯನ್ನೇ ಕಾಣದಂತೆ ಮಾಡಿಬಿಡುವ ಶಕ್ತಿಯೂ ಅದಕ್ಕಿದೆ. ಅದರ ತಕರಾರುಗಳಲ್ಲಿ ಹೆಚ್ಚಿನವು ಮೆನುವಿನಲ್ಲಿ ಬಗೆಹರಿಯುವಂಥವಲ್ಲ, ನಿಲ್ಲುವ ಜಾಗ ಬದಲಾದರೆ ಬಗೆಹರಿಯುವಂಥವು. ಈ ಹೊತ್ತಿನ ನನ್ನ ಮಾತೆಲ್ಲ ಅದರ ಸುತ್ತಲೇ.

ಎಲ್ಲಿ ನಿಲ್ಲಬೇಕು

ಕಾರು ಪಕ್ಕದಿಂದ ಹಾದುಹೋಗುವಾಗ ಕ್ಯಾಮೆರಾ ಎಷ್ಟು ಬೇಗ ತಿರುಗಬೇಕು ಎಂಬುದನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆ: ಕಾರಿನ ವೇಗ ಮತ್ತು ನಿಮಗೂ ಅದಕ್ಕೂ ಇರುವ ದೂರ. ಸೆಕೆಂಡಿಗೆ 50 ಮೀಟರ್ ಓಡುವ ಕಾರು 10 ಮೀಟರ್ ಪಕ್ಕದಲ್ಲಿ ಹಾದರೆ, ಅತಿ ಹತ್ತಿರದ ಗಳಿಗೆಯಲ್ಲಿ ನೀವು ಸೆಕೆಂಡಿಗೆ ಸುಮಾರು 286 ಡಿಗ್ರಿ ತಿರುಗಬೇಕು. ಯಾರ ಸೊಂಟಕ್ಕೂ ಇದು ಸಾಧ್ಯವಿಲ್ಲ. ಅದೇ ಕಾರು 40 ಮೀಟರ್ ಆಚೆಗಿದ್ದರೆ ಸೆಕೆಂಡಿಗೆ 72 ಡಿಗ್ರಿ ಸಾಕು, ಅಭ್ಯಾಸ ಇದ್ದವರಿಗೆ ಸಲೀಸು. ಟ್ರ್ಯಾಕಿಗೆ ಆದಷ್ಟು ಹತ್ತಿರ ಹೋದರೆ ವೇಗ ಚೆನ್ನಾಗಿ ಕಾಣುತ್ತದೆ ಎಂದು ಹೊಸಬರು ನಂಬಿರುತ್ತಾರೆ. ಆದರೆ ಹತ್ತಿರದಲ್ಲಿ ವೈಡ್ ಲೆನ್ಸ್ ಹಿಡಿದವರಿಗೆ ಸಿಗುವುದು ಒಂದು ಗೀರು, ಒಂದು ಸದ್ದು. ದೂರದಿಂದ ಟೆಲಿ ಲೆನ್ಸಿನಲ್ಲಿ ಹಿಂಬಾಲಿಸಿದಾಗ ಕಾರು ಚೌಕಟ್ಟಿನಲ್ಲಿ ನೆಟ್ಟಗೆ ನಿಂತು, ಹಿನ್ನೆಲೆ ಹರಿದುಹೋಗುತ್ತದೆ. ನೋಡುವವರಿಗೆ ವೇಗ ಅನ್ನಿಸುವುದು ಆ ಹರಿವಿನಿಂದ.

ಆ 40 ಮೀಟರ್ ಜಾಗವನ್ನು ಇನ್ನೂ ಸ್ವಲ್ಪ ಹತ್ತಿರದಿಂದ ನೋಡೋಣ. ನಾಲ್ಕೂವರೆ ಮೀಟರ್ ಉದ್ದದ ಕಾರು ಚೌಕಟ್ಟಿನ ಅರ್ಧ ಅಗಲ ತುಂಬಬೇಕಾದರೆ ಫುಲ್‌ಫ್ರೇಮಿನಲ್ಲಿ 160 ಮಿ.ಮೀ., ಸೂಪರ್ 35ರಲ್ಲಿ 107 ಮಿ.ಮೀ. ಲೆನ್ಸ್ ಬೇಕು. ಫುಲ್‌ಫ್ರೇಮ್ 160 ಮಿ.ಮೀ., ಎಫ್ 8 ಇಟ್ಟುಕೊಂಡು 40 ಮೀಟರಿಗೆ ಫೋಕಸ್ ಮಾಡಿದರೆ 29ರಿಂದ 64 ಮೀಟರ್‌ವರೆಗೆ ಚೂಪಾಗಿರುತ್ತದೆ. ಆದರೆ ಕಾರು 40 ಮೀಟರಿಗಿಂತ ಹತ್ತಿರ ಬರುವುದೇ ಇಲ್ಲ, ಆದ್ದರಿಂದ ಈಚೆಗಿನ 11 ಮೀಟರ್ ದಂಡ. ಫೋಕಸನ್ನು 50 ಮೀಟರಿಗೆ ತಳ್ಳಿ. ಈಗ 34ರಿಂದ 94 ಮೀಟರ್‌ವರೆಗೆ ಚೂಪು. ಕಾರು ನಿಮ್ಮೆದುರಿಗೆ ಬರುವುದಕ್ಕೆ 65 ಡಿಗ್ರಿ ಮೊದಲಿನಿಂದ, ದಾಟಿದ ಮೇಲೆ ಇನ್ನೊಂದು 65 ಡಿಗ್ರಿಯವರೆಗೆ ಫೋಕಸ್ ಉಂಗುರವನ್ನು ಮುಟ್ಟುವ ಅಗತ್ಯವೇ ಇಲ್ಲ. ಪಕ್ಕದಿಂದ ಪ್ಯಾನ್ ಮಾಡುವಾಗ (ಕಾರಿನ ಜೊತೆ ಕ್ಯಾಮೆರಾ ತಿರುಗಿಸುವಾಗ) ಆಟೊಫೋಕಸ್ ಆಫ್ ಮಾಡಿ ಎಂದು ಒತ್ತಿ ಹೇಳುವುದು ಇದಕ್ಕೇ. ಲೆಕ್ಕ ಹಾಕಿ ಇಟ್ಟ ಫೋಕಸ್ ಬೇಲಿ ಕಂಬ ಅಡ್ಡ ಬಂದರೂ ಕದಲುವುದಿಲ್ಲ, ಆಟೊಫೋಕಸ್ ಕದಲುತ್ತದೆ.

ಇದಕ್ಕಿಂತಲೂ ಒಳ್ಳೆಯ ಜಾಗ ತಿರುವಿನ ಒಳಮಗ್ಗುಲು. ಹೇರ್‌ಪಿನ್ ತಿರುವಿನಲ್ಲಿ ಕಾರು ಒಂದು ವೃತ್ತದ ತುಣುಕಿನ ಮೇಲೆ ಓಡುತ್ತದೆ. ಆ ವೃತ್ತದ ಕೇಂದ್ರದ ಹತ್ತಿರ ನೀವು ನಿಂತರೆ, ತಿರುವಿನುದ್ದಕ್ಕೂ ಕಾರಿಗೂ ನಿಮಗೂ ಇರುವ ದೂರ ಬದಲಾಗುವುದಿಲ್ಲ. 25 ಮೀಟರ್ ಅಂದರೆ ಕೊನೆಯವರೆಗೂ 25 ಮೀಟರ್. ಅಲ್ಲಿ ಕಾರಿನ ವೇಗ ಗಂಟೆಗೆ 65 ಕಿ.ಮೀ. ಆಸುಪಾಸಿಗೆ ಇಳಿದಿದ್ದರೆ ತಿರುಗಬೇಕಾದ ವೇಗ ಸೆಕೆಂಡಿಗೆ 41 ಡಿಗ್ರಿ, ಅದೂ ಒಂದೇ ಸಮನೆ. ಅಪರ್ಚರ್ ತೆರೆದು ಎಫ್ 2.8 ಇಟ್ಟರೂ ಫೋಕಸ್ ತಪ್ಪದ, ದೊಡ್ಡ ಸೆನ್ಸರಿನ ಸೊಬಗೆಲ್ಲ ಸಿಗುವ ಜಾಗ ಸರ್ಕೀಟಿನಲ್ಲಿ ಇದ್ದರೆ ಅದು ಇದು. ಮೂರು ಸೆಕೆಂಡಿನ ಶಾಟ್‌ನಲ್ಲಿ ಕಾರಿನ ಮಗ್ಗುಲು ಮೊದಲಿನಿಂದ ಕೊನೆಯವರೆಗೆ ಒಂದೇ ಅಳತೆಯಲ್ಲಿ ಕಾಣುತ್ತದೆ.

ನೇರ ಎದುರಿನಿಂದ ಬರುವ ಕಾರಿನ ಶಾಟ್ ಕಷ್ಟದ್ದು, ಆದರೂ ಬೇಕೇ ಬೇಕು. ಅದಕ್ಕೆ ಎರಡು ದಾರಿ. ಮೊದಲನೆಯದು ಗುರುತಿಗೆ ಫೋಕಸ್ ಮಾಡಿ ಕಾಯುವುದು. ಕರ್ಬಿನ (ಟ್ರ್ಯಾಕಿನ ಅಂಚುಗಟ್ಟಿನ) ತುದಿ, ಟಾರಿನ ಮೇಲಿನ ಟೈರ್ ಕಲೆ, 100 ಮೀಟರ್ ಬ್ರೇಕಿಂಗ್ ಫಲಕದ ಸಾಲು, ಯಾವುದಾದರೂ ಆದೀತು. ಅಲ್ಲಿಗೆ ಚಿತ್ರವನ್ನು ದೊಡ್ಡದು ಮಾಡಿ ನೋಡಿ ಫೋಕಸ್ ಮಾಡಿ, ಉಂಗುರದ ಮೇಲೆ ಬಿಳಿ ಟೇಪಿನ ಗುರುತು ಹಾಕಿ. ಕಾರು ಮಸುಕಿನಿಂದ ಹೊರಬಂದು ಚೂಪಾಗಿ ಮತ್ತೆ ಮಸುಕಾಗುತ್ತದೆ. ಎಡಿಟಿಂಗಿನಲ್ಲಿ ಚೂಪಾಗುವ ಗಳಿಗೆಯಲ್ಲೇ ಕತ್ತರಿಸಿದರೆ ಅದು ದೋಷವಾಗಿ ಕಾಣುವುದಿಲ್ಲ. ಎರಡನೆಯದು ಫೇಸ್-ಡಿಟೆಕ್ಟ್ (phase detect) ಬಗೆಯ ನಿರಂತರ ಆಟೊಫೋಕಸ್; ಇಲ್ಲಿ ಫೇಸ್ ಅಂದರೆ ಮುಖವಲ್ಲ, ಬೆಳಕಿನ ಎರಡು ನೋಟಗಳ ನಡುವಿನ ವ್ಯತ್ಯಾಸ. ಮುಖ ಹುಡುಕುವ ಸೌಲಭ್ಯವನ್ನು ಇಲ್ಲಿ ಬಂದ್ ಮಾಡಿಡಿ. ಇಡೀ ಚೌಕಟ್ಟನ್ನು ಅದಕ್ಕೆ ಬಿಟ್ಟುಕೊಡಬೇಡಿ, ಮಧ್ಯದ ಒಂದು ವಲಯ ಮಾತ್ರ ಕೊಡಿ. ಫೋಕಸ್ ಬದಲಾಯಿಸುವ ವೇಗ ಗರಿಷ್ಠ ಇರಲಿ. ಬೇರೆ ವಸ್ತುವಿಗೆ ಜಿಗಿಯುವ ಚುರುಕು ಮಾತ್ರ ಕಡಿಮೆ ಇರಲಿ, ಇಲ್ಲದಿದ್ದರೆ ಮುಂದಿನ ಕಾರನ್ನು ಬಿಟ್ಟು ಹಿಂದಿನದಕ್ಕೆ ಹಾರುತ್ತದೆ. ಲೆನ್ಸಿನ ಮೇಲೆ ಫೋಕಸ್ ಲಿಮಿಟರ್ ಸ್ವಿಚ್ ಇದ್ದರೆ ಹತ್ತಿರದ ದೂರಗಳನ್ನು ಮುಚ್ಚಿಬಿಡಿ. ಒಮ್ಮೆ ದಾರಿ ತಪ್ಪಿದ ಲೆನ್ಸ್ ಒಂದು ಮೀಟರ್‌ವರೆಗೆ ಹೋಗಿ ಹುಡುಕಿ ವಾಪಸ್ ಬರುವಷ್ಟರಲ್ಲಿ ಕಾರು ಹೋಗಿಯಾಗಿರುತ್ತದೆ.

ಎದುರಿನ ಶಾಟ್‌ಗೆ ಬ್ರೇಕ್ ಹಾಕುವ ಜಾಗವನ್ನೇ ಆರಿಸಿಕೊಳ್ಳಿ. ಕಾರು ಹತ್ತಿರವಾದಂತೆಲ್ಲ ಫೋಕಸ್ ಹೆಚ್ಚು ಹೆಚ್ಚು ಬೇಗ ಸರಿಯಬೇಕಾಗುತ್ತದೆ. ಬ್ರೇಕಿಂಗಿನಲ್ಲಿ ಕಾರಿನ ವೇಗವೂ ಅದೇ ಹೊತ್ತಿಗೆ ಇಳಿಯುತ್ತಿರುವುದರಿಂದ ನಿಮ್ಮ ಬೆರಳಿಗಾಗಲಿ ಲೆನ್ಸಿನ ಮೋಟಾರಿಗಾಗಲಿ ಬಿಡುವು ಸಿಗುತ್ತದೆ. ಮೂತಿ ನೆಲಕ್ಕೆ ಬಾಗುವುದು, ಚಕ್ರ ಲಾಕ್ ಆಗಿ ಹೊಗೆ ಬರುವುದು, ಎರಡು ಕಾರುಗಳು ಒಂದೇ ಜಾಗಕ್ಕೆ ನುಗ್ಗುವುದು, ಎಲ್ಲ ನಡೆಯುವುದೂ ಅಲ್ಲೇ.

ಆದರೆ ಹತೋಟಿ ತಪ್ಪಿದ ಕಾರು ನೇರ ನುಗ್ಗಿ ಬರುವುದೂ ಆ ಕಡೆಗೇ. 1955ರಲ್ಲಿ ಫ್ರಾನ್ಸಿನ ಲೆ ಮಾನ್ ರೇಸಿನಲ್ಲಿ ಕಾರಿನ ಭಾಗಗಳು ಜನರ ನಡುವೆ ಹಾರಿ ಬಿದ್ದು 80ಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಇಂದಿನ ತಡೆಗೋಡೆ, ಬೇಲಿ, ರನ್‌ಆಫ್‌ಗಳ (ದಾರಿ ತಪ್ಪಿದ ಕಾರು ನಿಲ್ಲಲು ಬಿಟ್ಟ ಜಾಗಗಳ) ಹಿಂದೆ ಅಂಥ ಸಾವುಗಳಿವೆ. 2013ರಲ್ಲಿ ನ್ಯೂರ್‌ಬರ್ಗ್‌ರಿಂಗ್‌ನ ಜರ್ಮನ್ ಗ್ರಾಂಪ್ರಿಯಲ್ಲಿ ಪಿಟ್‌ನಿಂದ (ರೇಸಿನ ನಡುವೆ ಟೈರ್ ಬದಲಿಸುವ ಜಾಗದಿಂದ) ಹೊರಟ ಕಾರಿನ ಚಕ್ರ ಕಳಚಿ ಉರುಳಿ ಬಂದು ಕ್ಯಾಮೆರಾಮನ್ ಒಬ್ಬರಿಗೆ ಬಡಿಯಿತು, ಮೂಳೆಗಳು ಮುರಿದವು. ಆ ಮೇಲೆ ಫಾರ್ಮುಲಾ 1 ರೇಸಿನ ಹೊತ್ತಿನಲ್ಲಿ ಪಿಟ್ ಲೇನಿಗೆ ಮಾಧ್ಯಮದವರ ಪ್ರವೇಶವನ್ನು ಬಿಗಿಗೊಳಿಸಿದರು, ಅಲ್ಲಿನ ವೇಗದ ಮಿತಿಯನ್ನು ಗಂಟೆಗೆ 100ರಿಂದ 80 ಕಿ.ಮೀ.ಗೆ ಇಳಿಸಿದರು. ವ್ಯೂಫೈಂಡರಿಗೆ ಕಣ್ಣಿಟ್ಟವರಿಗೆ ಪಕ್ಕದ ಲೋಕ ಕಾಣುವುದಿಲ್ಲ. 160 ಮಿ.ಮೀ. ಲೆನ್ಸಿನಲ್ಲಿ ನೀವು ನೋಡುತ್ತಿರುವುದು ಸುಮಾರು 13 ಡಿಗ್ರಿ ಅಷ್ಟೇ.

ಆದ್ದರಿಂದ ಪಾಸ್ ಮತ್ತು ಜಾಕೆಟ್ ಇದ್ದರೂ ಗುರುತಿಸಿದ ಜಾಗದಲ್ಲೇ ನಿಲ್ಲಿ. ತಡೆಗೋಡೆಯ ಮೇಲೆ ಕೂರಬೇಡಿ, ಒರಗಲೂ ಬೇಡಿ. ಕಾರು ಗೋಡೆಗೆ ಬಡಿದರೆ ಗೋಡೆಯೂ ಹಿಂದಕ್ಕೆ ಸರಿಯುತ್ತದೆ. ಗೋಡೆಯಿಂದ ಒಂದೆರಡು ಹೆಜ್ಜೆ ಹಿಂದೆ, ಓಡಲು ಹಿಂದುಗಡೆ ದಾರಿ ಇರುವಂತೆ ನೋಡಿಕೊಳ್ಳಿ. ಕ್ಯಾಮೆರಾ ಚೀಲವನ್ನು ಆ ದಾರಿಗೆ ಅಡ್ಡ ಇಡಬೇಡಿ. ಟ್ರ್ಯಾಕಿಗೆ ಬೆನ್ನು ಹಾಕಬೇಡಿ. ಮಾರ್ಷಲ್ (ಟ್ರ್ಯಾಕಿನ ಸುರಕ್ಷತೆ ನೋಡಿಕೊಳ್ಳುವವರು) ಸರಿಯಿರಿ ಅಂದರೆ ಶಾಟ್ ಮಧ್ಯದಲ್ಲಿದ್ದರೂ ಸರಿಯಿರಿ, ವಾದ ಆಮೇಲೆ. ಅಪಾಯ ಸೂಚಿಸುವ ಹಳದಿ ಬಾವುಟ ಬೀಸುತ್ತಿದ್ದರೆ ಮೊದಲು ವ್ಯೂಫೈಂಡರಿನಿಂದ ಮುಖ ತೆಗೆದು ಸುತ್ತ ನೋಡಿ. ಇಂಧನ ತುಂಬುವ ರೇಸ್‌ಗಳಲ್ಲಿ ಪಿಟ್ ಲೇನಿಗೆ ಹೋಗಲು ಬೆಂಕಿ ತಡೆಯುವ ಉಡುಪು, ಹೆಲ್ಮೆಟ್ ಕೇಳುತ್ತಾರೆ. ಆ ನಿಯಮಗಳನ್ನು ಹಿಂದಿನ ದಿನವೇ ಓದಿಕೊಂಡು ಹೋಗಿ. ರ‍್ಯಾಲಿಯಲ್ಲಂತೂ ತಡೆಗೋಡೆಯೇ ಇರುವುದಿಲ್ಲ. ಅಲ್ಲಿ ತಿರುವಿನ ಹೊರಮಗ್ಗುಲು ಪೂರ್ತಿ ನಿಷಿದ್ಧ ಎಂದೇ ಇಟ್ಟುಕೊಂಡು, ರಸ್ತೆಗಿಂತ ಎತ್ತರದ ದಿಬ್ಬ ಹುಡುಕಿ.

ಹಿಡಿಯುವುದು, ತಿರುಗುವುದು

ಕೈಯಲ್ಲಿ ಹಿಡಿಯುವುದು ಅನ್ನುತ್ತೇವೆ, ಆದರೆ ಕ್ಯಾಮೆರಾವನ್ನು ನಿಜವಾಗಿ ಹೊರಬೇಕಾದದ್ದು ಹೆಗಲು. ಕೈಗಳ ಕೆಲಸ ದಿಕ್ಕು ತೋರಿಸುವುದು ಮಾತ್ರ. ಬಾಡಿ, 70–200 ಮಿ.ಮೀ. ಲೆನ್ಸ್, ಮೇಲಿನ ಹಿಡಿಕೆ, ಮೈಕು, ಬ್ಯಾಟರಿ ಸೇರಿದರೆ 4 ಕಿಲೊ ಮೀರುತ್ತದೆ. ಲೆನ್ಸ್ ಮುಂದೆ ಚಾಚಿಕೊಂಡಿರುವುದರಿಂದ ಭಾರ ಮುಂದಕ್ಕೇ ಎಳೆಯುತ್ತದೆ. ಅರ್ಧ ಗಂಟೆಯಲ್ಲಿ ಮುಂಗೈ ನಡುಗಲು ಶುರುವಾಗುವುದು ಒಟ್ಟು ತೂಕಕ್ಕಿಂತ ಈ ಎಳೆತದಿಂದ. ಶೋಲ್ಡರ್ ಪ್ಯಾಡಿನ ಹಿಂದೆ ವಿ-ಮೌಂಟ್ ಬ್ಯಾಟರಿ ಹಾಕಿ, ಎರಡೂ ಕೈ ಬಿಟ್ಟರೂ ರಿಗ್ ಹೆಗಲ ಮೇಲೆ ಒಂದು ಗಳಿಗೆ ಸಮನಾಗಿ ನಿಲ್ಲುವವರೆಗೆ ಪ್ಯಾಡನ್ನು ಹಿಂದೆ ಮುಂದೆ ಸರಿಸಿ ನೋಡಿ. ಆಗ ಒಟ್ಟು ತೂಕ ಹೆಚ್ಚಿದ್ದರೂ ಕೈ ಹಗುರ. ಕಣ್ಣಿಗೆ ಒತ್ತಿಕೊಳ್ಳುವ ವ್ಯೂಫೈಂಡರ್ ಇರಲೇಬೇಕು. ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ ಎಂಬುದು ಒಂದು ಕಾರಣವಾದರೆ, ಹೆಗಲು, ಕೈಗಳ ಜೊತೆಗೆ ಮುಖವೂ ಆಸರೆಯಾಗುತ್ತದೆ ಎಂಬುದು ಇನ್ನೊಂದು.

ಪ್ಯಾನ್ ಶುರುವಾಗುವ ಕಡೆಗೆ ಕಾಲು ತಿರುಗಿಸಿ ನಿಂತರೆ ಅರ್ಧ ದಾರಿಯಲ್ಲಿ ಸೊಂಟ ಬಿಗಿಯುತ್ತದೆ, ಕೊನೆಯಲ್ಲಿ ಚಿತ್ರ ಕುಲುಕುತ್ತದೆ. ಪ್ಯಾನ್ ಮುಗಿಯುವ ಕಡೆಗೆ, ಅಥವಾ ಅದಕ್ಕಿಂತ ತುಸು ಈಚೆಗೆ, ಪಾದಗಳನ್ನಿಟ್ಟು ನಿಲ್ಲಿ. ಅಂತರ ಭುಜದಗಲ, ಮಂಡಿ ಸ್ವಲ್ಪ ಸಡಿಲ. ಆಮೇಲೆ ಸೊಂಟದಿಂದ ಮೇಲೆ ಮಾತ್ರ ಕಾರು ಬರುವ ಕಡೆಗೆ ತಿರುಚಿಕೊಳ್ಳಿ. ಕಾರನ್ನು ಹಿಂಬಾಲಿಸುತ್ತ ಮೈ ಸುತ್ತಿಟ್ಟ ಸ್ಪ್ರಿಂಗಿನ ಹಾಗೆ ತಾನಾಗಿ ಬಿಚ್ಚಿಕೊಳ್ಳುತ್ತದೆ, ಮುಗಿಯುವ ಹೊತ್ತಿಗೆ ಅತ್ಯಂತ ಆರಾಮದ ಭಂಗಿಯಲ್ಲಿರುತ್ತೀರಿ. ಮೊಣಕೈಗಳು ಪಕ್ಕೆಗೆ ಅಂಟಿರಲಿ. ಉಸಿರನ್ನು ಹಿಡಿಯುವುದಕ್ಕಿಂತ ನಿಧಾನವಾಗಿ ಬಿಡುತ್ತ ಹೋಗುವುದು ಮೇಲು.

ವ್ಯೂಫೈಂಡರಿನ ಚಿತ್ರ ಸ್ವಲ್ಪ ತಡವಾಗಿ ಬರುತ್ತದೆ ಎಂಬುದನ್ನು ಮರೆಯಬೇಡಿ. ತಡ ಒಂದು ಫ್ರೇಮಿನಷ್ಟೇ ಇದ್ದರೂ ಕಾರು ನೀವು ನೋಡುತ್ತಿರುವ ಜಾಗಕ್ಕಿಂತ 2 ಮೀಟರ್ ಮುಂದಿರುತ್ತದೆ. ಪರದೆಯನ್ನೇ ನಂಬಿ ಹಿಂಬಾಲಿಸಿದರೆ ಕಾರು ಯಾವಾಗಲೂ ಚೌಕಟ್ಟಿನ ಮುಂದಿನ ಅಂಚಿಗೆ ಓಡುತ್ತಿರುತ್ತದೆ. ಇನ್ನೊಂದು ಕಣ್ಣನ್ನೂ ತೆರೆದಿಟ್ಟು ಕಾರನ್ನು ನೇರವಾಗಿ ನೋಡುತ್ತ ತಿರುಗುವ ಅಭ್ಯಾಸ ಮಾಡಿಕೊಳ್ಳಿ. ಮೊದಲು ತಲೆ ಸುತ್ತಿದಂತಾಗುತ್ತದೆ, ಪ್ರಾಕ್ಟೀಸ್ ಸೆಷನ್ ಮುಗಿಯುವುದರೊಳಗೆ ಒಗ್ಗುತ್ತದೆ. ಕಾರು ಚೌಕಟ್ಟಿನೊಳಗೆ ಬರುವ ಎರಡು ಸೆಕೆಂಡ್ ಮೊದಲೇ ಕ್ಯಾಮೆರಾ ತಿರುಗುತ್ತಿರಬೇಕು, ಕಾರು ಹೊರಹೋದ ಮೇಲೂ ಎರಡು ಸೆಕೆಂಡ್ ಅದೇ ವೇಗದಲ್ಲಿ ಸಾಗಬೇಕು. ಥಟ್ಟನೆ ನಿಲ್ಲುವ ಪ್ಯಾನ್ ಎಡಿಟರ್‌ಗೆ ಉಪಯೋಗಕ್ಕೆ ಬರುವುದಿಲ್ಲ.

ಲೆನ್ಸಿನ ಸ್ಟೆಬಿಲೈಜರಿನಲ್ಲಿ ಮೋಡ್ 2 ಇದ್ದರೆ ಅದನ್ನು ಹಾಕಿ. ಅದು ಮೇಲೆ ಕೆಳಗಿನ ಅದುರುವಿಕೆಯನ್ನು ಮಾತ್ರ ತಡೆದು, ಅಡ್ಡ ಚಲನೆಯನ್ನು ನಿಮ್ಮ ಪಾಡಿಗೆ ಬಿಡುತ್ತದೆ. ಬಾಡಿಯೊಳಗಿನ ಸ್ಟೆಬಿಲೈಜರ್ ಪ್ಯಾನ್ ಆರಂಭವನ್ನು ನಡುಕ ಅಂದುಕೊಂಡು ಎದುರು ಎಳೆಯುತ್ತದೆ, ಆಮೇಲೆ ಒಮ್ಮೆಲೇ ಕೈಬಿಡುತ್ತದೆ. ಶಾಟ್‌ನ ಶುರುವಿನಲ್ಲಿ ಚಿತ್ರ ಅಂಟಿಕೊಂಡಂತಾಗಿ ಜಿಗಿದರೆ ಕಾರಣ ಇದೇ. ಪ್ಯಾನ್‌ಗಳಿಗೆ ಆಫ್, ಗ್ಯಾರೇಜಿನಲ್ಲಿ ನಿಂತು ತೆಗೆಯುವ ಶಾಟ್‌ಗಳಿಗೆ ಆನ್.

ಶಟರ್, ಎನ್‌ಡಿ, ವಾಲುವ ಕಂಬಗಳು

25 ಫ್ರೇಮಿಗೆ 1/50 ಶಟರ್ ಎಂಬುದು ಎಲ್ಲರಿಗೂ ಗೊತ್ತಿರುವ ನಿಯಮ. 1/50 ಸೆಕೆಂಡಿನಲ್ಲಿ ನಮ್ಮ ಕಾರು ಒಂದು ಮೀಟರ್ ಓಡುತ್ತದೆ. ನೀವು ಕಾರಿನ ವೇಗಕ್ಕೆ ಸರಿಯಾಗಿ ತಿರುಗಿದರೆ ಆ ಒಂದು ಮೀಟರ್ ಮಸುಕು ಹಿನ್ನೆಲೆಗೆ ಹೋಗುತ್ತದೆ, ಕಾರು ಚೂಪಾಗಿ ಉಳಿಯುತ್ತದೆ. ನಿಮ್ಮ ವೇಗ ನೂರಕ್ಕೆ ಐದರಷ್ಟು ತಪ್ಪಿದರೆ 5 ಸೆಂ.ಮೀ. ಮಸುಕು ಕಾರಿನ ಮೇಲೆ ಬೀಳುತ್ತದೆ. ಚೌಕಟ್ಟಿನ ಅಗಲ 9 ಮೀಟರ್ ಇರುವ 4ಕೆ ಚಿತ್ರದಲ್ಲಿ ಅದು 21 ಪಿಕ್ಸೆಲ್. ಕಾರಿನ ಮೇಲಿನ ಅಕ್ಷರಗಳು ಕಲಸಿಹೋಗಲು ಅಷ್ಟು ಸಾಕು. ಕೈ ಇನ್ನೂ ಪಳಗಿಲ್ಲ ಅನ್ನಿಸಿದರೆ 50 ಫ್ರೇಮ್, 1/100ಕ್ಕೆ ಹೋಗಿ, ತಪ್ಪು ಅರ್ಧಕ್ಕಿಳಿಯುತ್ತದೆ. 1/500, 1/1000 ಮಾತ್ರ ಬೇಡ. ಚಕ್ರಗಳು ನಿಂತಂತೆ, ಕೆಲವೊಮ್ಮೆ ಹಿಂದಕ್ಕೆ ಸುತ್ತಿದಂತೆ ಕಾಣುತ್ತವೆ, ವೇಗ ಸತ್ತುಹೋಗುತ್ತದೆ.

ಉರಿಬಿಸಿಲಿನಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಚುರುಕು) 800, ಶಟರ್ 1/50 ಇಟ್ಟುಕೊಂಡರೆ ಎಫ್ 16ರಲ್ಲೂ ಬೆಳಕು 4 ಸ್ಟಾಪ್ ಹೆಚ್ಚು; ಒಂದೊಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು. ಎಫ್ 8 ಬೇಕೆಂದರೆ 6 ಸ್ಟಾಪ್ ಕಳೆಯಬೇಕು. 2, 4, 6 ಸ್ಟಾಪ್ ಎನ್‌ಡಿ (ಬೆಳಕು ತಗ್ಗಿಸುವ ಬೂದು ಫಿಲ್ಟರ್) ಬಾಡಿಯೊಳಗೇ ಇರುವ ಕ್ಯಾಮೆರಾಗಳಲ್ಲಿ ಕೊನೆಯದನ್ನು ಹಾಕಿದರೆ ಲೆಕ್ಕ ಸರಿಹೋಯಿತು. ಎಫ್ 4 ಬೇಕಾದರೆ 8 ಸ್ಟಾಪ್. ಸೋನಿ ಎಫ್ಎಕ್ಸ್6ನಲ್ಲಿ ಎನ್‌ಡಿಯನ್ನು 1/4ರಿಂದ 1/128ರವರೆಗೆ ಒಂದೇ ಸಮನೆ ಬದಲಾಯಿಸಬಹುದು. ಮೋಡ ಬಂದು ಹೋಗುವ ದಿನ ಅಪರ್ಚರ್ ಮುಟ್ಟದೆ ಬೆಳಕು ಹೊಂದಿಸಲು ಇದು ಬಹಳ ಅನುಕೂಲ. ಎನ್‌ಡಿ ಇಲ್ಲದೆ ಎಫ್ 22ಕ್ಕೆ ಮುಚ್ಚುವುದು ಪರಿಹಾರವಲ್ಲ, ಡಿಫ್ರಾಕ್ಷನ್‌ನಿಂದ (ಚಿಕ್ಕ ಕಿಂಡಿಯಲ್ಲಿ ಬೆಳಕು ಹರಡುವುದರಿಂದ) ಚಿತ್ರ ಮಂಕಾಗುತ್ತದೆ. ಲೆನ್ಸಿನ ಮುಂದೆ ತಿರುಗಿಸುವ ವೇರಿಯಬಲ್ ಎನ್‌ಡಿಯೂ ಪ್ಯಾನ್‌ಗೆ ಹೊಂದುವುದಿಲ್ಲ. ಅದು ಎರಡು ಪೋಲರೈಜರ್‌ಗಳ ಜೋಡಿ. ತಿರುಗುವಾಗ ಆಕಾಶದ ಬಣ್ಣ, ಗಾಜಿನ ಹೊಳಪು ಎರಡೂ ಬದಲಾಗುತ್ತ ಹೋಗುತ್ತವೆ, ಹಿಂಭಾಗದ ಗಾಜಿನಲ್ಲಿ ಕಲೆಕಲೆ ವಿನ್ಯಾಸ ಮೂಡುತ್ತದೆ. ಕಡು ಎನ್‌ಡಿ ಹಾಕಿದಾಗ ಕಪ್ಪು ಬಟ್ಟೆ ಕಂದಾಗಿ ಕಂಡರೆ ಇನ್‌ಫ್ರಾರೆಡ್ ಸೋರುತ್ತಿದೆ ಎಂದರ್ಥ. ಅದನ್ನು ತಡೆಯುವ ಎನ್‌ಡಿ ಬೇರೆ ಸಿಗುತ್ತದೆ.

ಎಕ್ಸ್‌ಪೋಷರ್ ಮ್ಯಾನುಯಲ್ ಇರಲಿ. ಆಟೊ ಬಿಟ್ಟರೆ ಬಿಳಿ ಕಾರು ಚೌಕಟ್ಟಿಗೆ ಬಂದಾಗ ಟಾರು ಕಪ್ಪಾಗುತ್ತದೆ, ಹೋದಾಗ ಬೆಳ್ಳಗಾಗುತ್ತದೆ. ವೈಟ್ ಬ್ಯಾಲೆನ್ಸ್ 5600 ಕೆಲ್ವಿನ್‌ಗೆ ಕಟ್ಟಿಹಾಕಿ.

ರೋಲಿಂಗ್ ಶಟರ್ ವಿಷಯಕ್ಕೆ ಬರೋಣ. ದೊಡ್ಡ ಸೆನ್ಸರುಗಳಲ್ಲಿ ಹೆಚ್ಚಿನವು ಚಿತ್ರವನ್ನು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಸಾಲುಸಾಲಾಗಿ ಓದುತ್ತವೆ. ಓದಲು 16 ಮಿಲಿಸೆಕೆಂಡ್ ಬೇಕು ಅಂದುಕೊಳ್ಳಿ. ಅಷ್ಟರಲ್ಲಿ ಹಿನ್ನೆಲೆ ಕಾರಿನ ದೂರದ ಲೆಕ್ಕದಲ್ಲಿ 80 ಸೆಂ.ಮೀ. ಸರಿದಿರುತ್ತದೆ. 9 ಮೀಟರ್ ಅಗಲದ ಚೌಕಟ್ಟಿನ ಎತ್ತರ 5 ಮೀಟರ್, ಹಾಗಾಗಿ ನೇರ ಕಂಬ ಸುಮಾರು 9 ಡಿಗ್ರಿ ವಾಲುತ್ತದೆ. ನೀವು ಸರಿಯಾಗಿ ಹಿಂಬಾಲಿಸುತ್ತಿದ್ದರೆ ಕಾರು ವಾಲುವುದಿಲ್ಲ. ಆದ್ದರಿಂದ ಇಲ್ಲೂ ಉತ್ತರ ಜಾಗದಲ್ಲೇ ಇದೆ. ಹಿನ್ನೆಲೆಯಲ್ಲಿ ಬೇಲಿ ಕಂಬಗಳ ಸಾಲು, ದೀಪದ ಕಂಬ, ಕಟ್ಟಡದ ಅಂಚು ಬಾರದಂತೆ ನಾಲ್ಕು ಹೆಜ್ಜೆ ಸರಿಯಿರಿ. ಹುಲ್ಲಿನ ದಿಬ್ಬ, ಮರಗಳು, ಜನಸಂದಣಿ ವಾಲಿದರೆ ಯಾರಿಗೂ ತಿಳಿಯುವುದಿಲ್ಲ. 2020ರಲ್ಲಿ ಬಂದ ರೆಡ್ ಕೊಮೊಡೊದಂಥ, ಇಡೀ ಚಿತ್ರವನ್ನು ಒಮ್ಮೆಗೇ ಹಿಡಿಯುವ ಗ್ಲೋಬಲ್ ಶಟರ್ ಕ್ಯಾಮೆರಾಗಳಲ್ಲಿ ಈ ತೊಂದರೆ ಇಲ್ಲ.

ಎಲ್‌ಇಡಿ ಫಲಕಗಳು, ಸ್ಟಾರ್ಟ್ ದೀಪಗಳು ಕೆಲವು ಶಟರ್ ವೇಗಗಳಲ್ಲಿ ಮಿಣುಕುತ್ತವೆ, ಪಟ್ಟೆಪಟ್ಟೆಯಾಗುತ್ತವೆ. ರೇಸಿನ ಹೊತ್ತಿಗೆ ಇದು ಗೊತ್ತಾದರೆ ಉಪಯೋಗವಿಲ್ಲ. ಪ್ರಾಕ್ಟೀಸ್ ದಿನವೇ ಪರೀಕ್ಷಿಸಿ, ಶಟರ್ ಕೋನವನ್ನು (ಶಟರ್ ವೇಗವನ್ನು ಡಿಗ್ರಿಯಲ್ಲಿ ಹೇಳುವ ಲೆಕ್ಕ) ಸ್ವಲ್ಪ ಸ್ವಲ್ಪವೇ ಬದಲಿಸಿ ಮಿಣುಕು ನಿಲ್ಲುವ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

100 ಫ್ರೇಮಿನ ಸ್ಲೋ ಮೋಷನ್ ಬಗ್ಗೆ ಒಂದೇ ಮಾತು: ಅದನ್ನು ನೇರ ಹಾದಿಯ ಓಟಕ್ಕೆ ಖರ್ಚು ಮಾಡಬೇಡಿ. ಕರ್ಬ್ ಏರುವ ಚಕ್ರ, ಟೈರಿನ ಮಗ್ಗುಲು ಸುಕ್ಕಾಗುವುದು, ಬೈಕ್ ಸವಾರನ ಮಂಡಿ ನೆಲ ಸವರುವುದು, ಪಿಟ್ ಸ್ಟಾಪ್, ಇವಕ್ಕೆ ಇಡಿ. ಫಾರ್ಮುಲಾ 1ರಲ್ಲಿ ನಾಲ್ಕೂ ಟೈರ್ ಬದಲಿಸಲು ಎರಡು ಮೂರು ಸೆಕೆಂಡ್ ಸಾಕು. ನಾಲ್ಕು ಪಟ್ಟು ನಿಧಾನ ಮಾಡಿದಾಗ ಯಾರ ಕೈ ಎಲ್ಲಿತ್ತು ಎಂಬುದು ಮೊದಲ ಬಾರಿಗೆ ಕಾಣುತ್ತದೆ.

ಬೇಲಿ, ಬಿಸಿಗಾಳಿ

ತಂತಿ ಬೇಲಿಯ ಮೂಲಕ ತೆಗೆಯಬೇಕಾದಾಗ ಲೆನ್ಸಿನ ಹುಡ್ಡನ್ನು ಬೇಲಿಗೆ ಆದಷ್ಟು ಹತ್ತಿರ ತನ್ನಿ, ಅಪರ್ಚರನ್ನು ಎಫ್ 2.8 ಅಥವಾ ಎಫ್ 4ಕ್ಕೆ ತೆರೆಯಿರಿ, ಜೂಮ್ 150 ಮಿ.ಮೀ. ಮೇಲಿರಲಿ. ತಂತಿ ಕರಗಿಹೋಗುತ್ತದೆ. ಎಫ್ 8ರಲ್ಲಿ ಅದೇ ಬೇಲಿ ಬೂದು ಜಾಲರಿಯಾಗಿ ಕಾಣುತ್ತದೆ. ಬೇಲಿಯ ಮೇಲೆ ಬಿಸಿಲು ಬಿದ್ದಿದ್ದರೆ ಇಡೀ ಚಿತ್ರಕ್ಕೆ ಬಿಳಿ ಮಬ್ಬು ಕವಿಯುತ್ತದೆ, ನೆರಳಿರುವ ಭಾಗ ಹುಡುಕಿ. ಬೇಲಿಗೆ ನೇರವಾಗಿ ನಿಂತಾಗ ಮಾತ್ರ ಇದು ಕೆಲಸ ಮಾಡುತ್ತದೆ. ಓರೆಯಾದಷ್ಟೂ ತಂತಿಗಳು ಒತ್ತೊತ್ತಾಗುತ್ತವೆ, ಪ್ಯಾನ್ ಹರವು ತೀರಾ ಕಡಿಮೆಯಾಗುತ್ತದೆ. ಹುಡ್ಡು ಬೇಲಿಗೆ ತಾಗಿಸುವುದು ಕಾರುಗಳಿಲ್ಲದಾಗ ಅಥವಾ ಪ್ರೇಕ್ಷಕರ ಬೇಲಿಯಲ್ಲಿ ಮಾತ್ರ. ಟ್ರ್ಯಾಕಿಗೆ ಅಂಟಿಕೊಂಡ ಬೇಲಿಗೆ ಮೈ ತಾಗಿಸಿ ನಿಲ್ಲುವುದು ಅಪಾಯ.

ಮಧ್ಯಾಹ್ನ ಕಾದ ಟಾರಿನ ಮೇಲಿಂದ ಏಳುವ ಬಿಸಿಗಾಳಿಗೆ ಮದ್ದಿಲ್ಲ. 300 ಮೀಟರ್ ದೂರದ ಕಾರು ನೀರಿನೊಳಗೆ ಇದ್ದಂತೆ ಅಲುಗುತ್ತದೆ, ಫೋಕಸ್ ತಪ್ಪಿದೆ ಎಂಬ ಅನುಮಾನ ಬರುತ್ತದೆ. ಅಂಥ ದೂರದ ಶಾಟ್‌ಗಳನ್ನು ಬೆಳಗಿಗೆ, ಸಂಜೆಗೆ ಮೀಸಲಿಟ್ಟು, ಮಧ್ಯಾಹ್ನ ಹೇರ್‌ಪಿನ್, ಗ್ಯಾರೇಜುಗಳ ಕಡೆ ಹೋಗಿ.

ಸದ್ದು

ಮೊದಲು ನಿಮ್ಮ ಕಿವಿ. ಇಡೀ ದಿನ ಅಲ್ಲಿರುವವರು ಇಯರ್‌ಪ್ಲಗ್ ಇಲ್ಲದೆ ಟ್ರ್ಯಾಕಿನ ಪಕ್ಕಕ್ಕೆ ಹೋಗಬಾರದು. ಹೋದ ಕೇಳುವ ಶಕ್ತಿ ವಾಪಸ್ ಬರುವುದಿಲ್ಲ.

ಕ್ಯಾಮೆರಾದ ಮೈಕನ್ನು ಆಟೊ ಲೆವೆಲ್‌ಗೆ ಬಿಟ್ಟರೆ ಕಾರು ಬಂದಾಗ ಸದ್ದು ಕುಗ್ಗುತ್ತದೆ, ಹೋದಮೇಲೆ ಗಾಳಿಯ ಸದ್ದು ಉಬ್ಬಿ ಬರುತ್ತದೆ. ಮ್ಯಾನುಯಲ್ ಇಟ್ಟು, ಅತಿ ಜೋರಿನ ಕಾರಿಗೆ ಮೈನಸ್ 12 ಡೆಸಿಬೆಲ್ ಮುಟ್ಟುವಂತೆ ಹೊಂದಿಸಿ. ಎರಡನೇ ಚಾನೆಲನ್ನು ಇನ್ನೂ 12 ಡೆಸಿಬೆಲ್ ಕೆಳಗಿಡಿ, ಮೊದಲನೆಯದು ಒಡೆದರೆ ಇದು ಉಳಿಸುತ್ತದೆ. ಲೆವೆಲ್ ಸರಿಯಿದ್ದೂ ಸದ್ದು ಒಡೆದಂತಿದ್ದರೆ ಮೈಕಿನ ಹೊಟ್ಟೆಯಲ್ಲೇ ಅದು ಒಡೆಯುತ್ತಿದೆ. ಆಗ 10 ಅಥವಾ 20 ಡೆಸಿಬೆಲ್ ಸದ್ದು ತಗ್ಗಿಸುವ ಮೈಕಿನ ಪ್ಯಾಡ್ ಸ್ವಿಚ್ ಹಾಕಬೇಕು, ಇಲ್ಲವೇ ಡೈನಮಿಕ್ ಮೈಕು ಬಳಸಬೇಕು. ಎಷ್ಟು ಜೋರಿನ ಸದ್ದಿಗೂ ಲೆವೆಲ್ ಮೀರದ 32 ಬಿಟ್ ಫ್ಲೋಟ್ ರೆಕಾರ್ಡರ್ ಕೂಡ ಮೈಕಿನಲ್ಲೇ ಒಡೆದ ಸದ್ದನ್ನು ಸರಿಮಾಡಲಾರದು.

ಕಾರು ಹಾದುಹೋಗುವ ಸದ್ದನ್ನು ಕ್ಯಾಮೆರಾದ ಮೇಲಿನ ಮೈಕಿನಿಂದ ತೆಗೆದುಕೊಳ್ಳಬೇಡಿ. ಮೈಕು ಕಾರಿನ ಜೊತೆಗೇ ತಿರುಗುವುದರಿಂದ ಕಾರು ಬಂದುಹೋದ ಅನುಭವ ಚಪ್ಪಟೆಯಾಗುತ್ತದೆ. ತಡೆಗೋಡೆಯ ಹಿಂದೆ ಒಂದು ಚಿಕ್ಕ ರೆಕಾರ್ಡರನ್ನು ರೋಮದ ಗಾಳಿಗವಸು ಹಾಕಿ ನಿಲ್ಲಿಸಿಬಿಡಿ. ಸೆಕೆಂಡಿಗೆ 50 ಮೀಟರ್ ಓಡುವ ಕಾರಿನ ಎಂಜಿನ್ ಸ್ವರ ಬರುವಾಗಿನದಕ್ಕೂ ಹೋಗುವಾಗಿನದಕ್ಕೂ 1.34 ಪಟ್ಟು ಇಳಿಯುತ್ತದೆ, ಹೆಚ್ಚುಕಡಿಮೆ ಶುದ್ಧ ಮಧ್ಯಮದಿಂದ ಷಡ್ಜಕ್ಕೆ ಜಾರಿದಷ್ಟು. ಕಣ್ಣು ಮುಚ್ಚಿದರೂ ವೇಗ ಗೊತ್ತಾಗುವುದು ಈ ಜಾರಿನಿಂದ. 200 ಮೀಟರ್ ದೂರದ ಕಾರಿನ ಸದ್ದು ಕ್ಯಾಮೆರಾಕ್ಕೆ 0.58 ಸೆಕೆಂಡ್ ತಡವಾಗಿ, ಅಂದರೆ ಸುಮಾರು 15 ಫ್ರೇಮ್ ಹಿಂದೆ ಬರುತ್ತದೆ. ಎಡಿಟಿಂಗಿನಲ್ಲಿ ಅಷ್ಟು ಮುಂದೆ ಸರಿಸಿಕೊಳ್ಳಿ.

ಎಡಿಟರ್‌ಗೆ ಬೇಕಾದದ್ದು

ಪ್ರದಕ್ಷಿಣೆಯ ದಿಕ್ಕಿನಲ್ಲಿ ಓಡುವ ಸರ್ಕೀಟಿನಲ್ಲಿ ಒಳಗಡೆ ನಿಂತು ಹೊರಗೆ ನೋಡಿದರೆ ಕಾರು ಎಡದಿಂದ ಬಲಕ್ಕೆ ಓಡುತ್ತದೆ, ಹೊರಗಡೆಯಿಂದ ಒಳಗೆ ನೋಡಿದರೆ ಬಲದಿಂದ ಎಡಕ್ಕೆ. ಸೇತುವೆ ದಾಟಿ ಆಚೆ ಹೋದ ಕೂಡಲೇ ದಿಕ್ಕು ತಿರುಗುತ್ತದೆ. ಎರಡನ್ನೂ ನೇರ ಜೋಡಿಸಿದರೆ ಅದೇ ಕಾರು ವಾಪಸ್ ಓಡಿಬಂದಂತೆ ಕಾಣುತ್ತದೆ. ಒಂದು ಸೆಷನ್ ಪೂರ್ತಿ ಒಂದೇ ಕಡೆ ಇದ್ದು, ದಾಟುವ ಮೊದಲು ನೇರ ಎದುರಿನ ಶಾಟ್ ಒಂದೆರಡನ್ನು ತೆಗೆದಿಟ್ಟುಕೊಳ್ಳಿ. ಎರಡು ದಿಕ್ಕುಗಳ ನಡುವೆ ಹಾಕಲು ಅವು ಬೇಕು. ಮಾರ್ಷಲ್‌ಗಳ ಕೈ, ಬಾವುಟ, ಪಿಟ್ ಗೋಡೆಯ ಮೇಲಿನ ಮುಖಗಳೂ ಆ ಕೆಲಸಕ್ಕೆ ಬರುತ್ತವೆ.

ಪ್ಯಾನ್ ಶಾಟ್‌ನಲ್ಲಿ ಪ್ರತಿ ಫ್ರೇಮಿನಲ್ಲೂ ಹಿನ್ನೆಲೆ ಪೂರ್ತಿ ಬದಲಾಗುತ್ತದೆ. ಹೆಚ್ಚಾಗಿ ಫ್ರೇಮುಗಳ ನಡುವಿನ ವ್ಯತ್ಯಾಸವನ್ನಷ್ಟೇ ಉಳಿಸುವ ಲಾಂಗ್ ಜಿಒಪಿ ಬಗೆಯ ರೆಕಾರ್ಡಿಂಗ್ ಕಡಿಮೆ ಬಿಟ್‌ರೇಟ್‌ನಲ್ಲಿ ಇದನ್ನು ತಾಳಲಾರದೆ ಹುಲ್ಲನ್ನೂ ಜನರನ್ನೂ ಚೌಕಚೌಕ ಮಾಡಿಬಿಡುತ್ತದೆ. ಪ್ರತಿ ಫ್ರೇಮನ್ನೂ ಬೇರೆಯಾಗಿ ಉಳಿಸುವ ಇಂಟ್ರಾ ಬಗೆ ಬಳಸಿ. ಸೆಕೆಂಡಿಗೆ 500 ಮೆಗಾಬಿಟ್ ಅಂದರೆ ಗಂಟೆಗೆ 225 ಜಿಬಿ, ಕಾರ್ಡುಗಳ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ. ರೆಕಾರ್ಡ್ ಒತ್ತುವ ಮುಂಚಿನ ಕೆಲವು ಸೆಕೆಂಡುಗಳನ್ನು ಉಳಿಸುವ ಪ್ರೀ-ರೆಕಾರ್ಡ್ ಸೌಲಭ್ಯ ಇದ್ದರೆ ಆನ್ ಮಾಡಿಡಿ. ಅಪಘಾತ, ಓವರ್‌ಟೇಕ್ ಎರಡೂ ಹೇಳಿ ಬರುವುದಿಲ್ಲ, ಜೊತೆಗೆ ಕಾರ್ಡೂ ಉಳಿಯುತ್ತದೆ.

ಕೊನೆಗೆ ಬಂದ ಎರಡು ಪ್ರಶ್ನೆಗಳು

ಗಿಂಬಲ್ (ಮೋಟಾರುಗಳಿಂದ ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ ಸಾಧನ) ಇದ್ದರೆ ಇಷ್ಟೆಲ್ಲ ಯಾಕೆ ಎಂದು ಒಬ್ಬರು ಕೇಳಿದರು. ಗ್ರಿಡ್‌ನಲ್ಲಿ, ಗ್ಯಾರೇಜಿನಲ್ಲಿ ನಡೆದಾಡುತ್ತ ತೆಗೆಯಲು ಗಿಂಬಲ್ ಒಳ್ಳೆಯದೇ. ಆದರೆ ಸೆಕೆಂಡಿಗೆ 70 ಡಿಗ್ರಿ ಪ್ಯಾನ್‌ಗೆ ಅದರ ಮೋಟಾರ್ ನಿಮ್ಮ ಕೈಗಿಂತ ತಡವಾಗಿ ಹೊರಟು, ನೀವು ನಿಂತ ಮೇಲೂ ಸ್ವಲ್ಪ ಹೋಗಿ ನಿಲ್ಲುತ್ತದೆ. 200 ಮಿ.ಮೀ. ಲೆನ್ಸಿನಲ್ಲಿ ಆ ತಡಕ್ಕೆ ಕಾರು ಚೌಕಟ್ಟಿನಿಂದಲೇ ಹೊರಗೆ. ಹೆಗಲಿಗೆ ಆಗದು ಅನ್ನುವವರು ಒಂಟಿ ಕಾಲಿನ ಮಾನೊಪಾಡ್ ಹಿಡಿಯಿರಿ. ಭಾರ ನೆಲಕ್ಕೆ ಹೋಗುತ್ತದೆ, ಪ್ಯಾನ್ ಸ್ವಾತಂತ್ರ್ಯ ಹಾಗೇ ಉಳಿಯುತ್ತದೆ, ಓಡಬೇಕಾದಾಗ ಎತ್ತಿಕೊಂಡು ಓಡಲೂ ಬರುತ್ತದೆ.

ಮಳೆ ಬಂದರೆ ಏನು ಎಂಬುದು ಇನ್ನೊಂದು ಪ್ರಶ್ನೆ. ಮಳೆಯಲ್ಲಿ ಕಾರಿನ ಹಿಂದೆ ಏಳುವ ನೀರಿನ ತುಂತುರೇ ಮುಖ್ಯ ಚಿತ್ರ, ಸೂರ್ಯನಿಗೆ ಎದುರಾಗಿ ನಿಂತರೆ ಅದು ಹೊಳೆಯುತ್ತದೆ. ಆಟೊಫೋಕಸ್ ಆ ತುಂತುರಿಗೇ ಅಂಟಿಕೊಳ್ಳುವುದರಿಂದ ಗುರುತಿನ ಫೋಕಸ್ ಒಂದೇ ದಾರಿ. ಬಾಡಿಗೆ ಮಳೆಗವಸು, ಲೆನ್ಸಿಗೆ ಉದ್ದ ಹುಡ್ಡು, ಮುಂದೆ ಒಂದು ಸಾದಾ ಗಾಜಿನ ಫಿಲ್ಟರ್, ಜೇಬಿನಲ್ಲಿ ನಾಲ್ಕೈದು ಒಣ ಬಟ್ಟೆ. ಒರೆಸುವ ಮೊದಲು ಬ್ಲೋವರಿನಿಂದ ಗಾಳಿ ಊದಿ. ನೀರಿನ ಜೊತೆ ಬ್ರೇಕ್ ಪುಡಿ, ರಬ್ಬರ್ ಚೂರು ಬಂದಿರುತ್ತವೆ, ನೇರ ಬಟ್ಟೆ ಹಾಕಿದರೆ ಗಾಜು ಗೀರುತ್ತದೆ. ಒಣ ದಿನದಲ್ಲೂ ಟ್ರ್ಯಾಕಿನ ಪಕ್ಕ ಲೆನ್ಸ್ ಬದಲಿಸಬೇಡಿ, ಆ ಪುಡಿ ಸೆನ್ಸರಿನ ಮೇಲೆ ಕೂತರೆ ಎಫ್ 8ರಲ್ಲಿ ತೆಗೆದ ಪ್ರತಿ ಆಕಾಶದಲ್ಲೂ ಕಪ್ಪು ಚುಕ್ಕೆಯಾಗಿ ಕಾಣುತ್ತದೆ.